ಕಾಫಿಯ ಲ್ಯಾಬ್ ರಿಪೋರ್ಟ್: ಯಾವ ಅಂಕಿ ಗಟ್ಟಿ, ಯಾವುದು ಪೊಳ್ಳು?

ಡಿಕ್ಯಾಫ್, ಅಂದರೆ ಕೆಫೀನ್ ತೆಗೆದದ್ದು. ನೂರಕ್ಕೆ ನೂರು ಅರೇಬಿಕಾ. ಆಂಟಿಆಕ್ಸಿಡೆಂಟ್ ಭರ್ತಿ. ಕಾಫಿ ಪ್ಯಾಕೆಟ್‌ಗಳ ಮೇಲೆ ಇಂಥ ಮಾತುಗಳು ಈಗ ಜಾಸ್ತಿ ಆಗಿವೆ, ಆದರೆ ಇವುಗಳಲ್ಲಿ ಒಂದನ್ನೂ ನಾಲಿಗೆಯಿಂದ ಗ್ಯಾರಂಟಿಯಾಗಿ ಪರೀಕ್ಷಿಸಲು ಆಗುವುದಿಲ್ಲ. ಹುರಿದು ಪುಡಿ ಮಾಡಿದ ಮೇಲೆ ಕಣ್ಣಿಗೂ ಗೊತ್ತಾಗುವುದಿಲ್ಲ. ಕೊನೆಗೆ ಎಲ್ಲ ಜಗಳಗಳೂ ಬಂದು ನಿಲ್ಲುವುದು ಒಂದೇ ಬಗೆಯ ಪರೀಕ್ಷೆಯ ಮುಂದೆ: ಕ್ರೊಮ್ಯಾಟೊಗ್ರಫಿ. ಅಂದರೆ ಪುಡಿಯಲ್ಲಿ ಬೆರೆತಿರುವ ರಾಸಾಯನಿಕಗಳನ್ನು ಮೊದಲು ಒಂದೊಂದಾಗಿ ಬಿಡಿಸಿ, ಆಮೇಲೆ ಅಳೆಯುವುದು.

ರಿಪೋರ್ಟ್‌ನಲ್ಲಿ ಎಲ್ಲ ಅಂಕಿಗಳೂ ಒಂದೇ ಅಕ್ಷರದಲ್ಲಿ, ಒಂದೇ ಟೇಬಲ್‌ನಲ್ಲಿ ಅಚ್ಚಾಗಿರುತ್ತವೆ. ಹಾಗಾಗಿ ಎಲ್ಲಕ್ಕೂ ಒಂದೇ ತೂಕ ಅಂತ ನಮಗೆ ಅನ್ನಿಸಿಬಿಡುತ್ತದೆ. ಹಾಗಿಲ್ಲ. ಕೆಫೀನ್ ಅಂಕಿಯನ್ನು ಬಹುಮಟ್ಟಿಗೆ ಕಣ್ಣುಮುಚ್ಚಿ ನಂಬಬಹುದು. ಅರೇಬಿಕಾ ಹೌದೋ ಅಲ್ಲವೋ ಎಂಬುದನ್ನು ಒಂದು ಮಟ್ಟಿಗೆ ನಂಬಬಹುದು. ಆಂಟಿಆಕ್ಸಿಡೆಂಟ್ ಅಂಕಿಯನ್ನು ಮಾತ್ರ ನಾನು ನಂಬುವುದಕ್ಕೆ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ವ್ಯತ್ಯಾಸ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದರಿಂದ ಬರುವುದು ಕಡಿಮೆ. ಅಳೆಯುವ ಮೊದಲು ಎಷ್ಟು ಚೆನ್ನಾಗಿ ಬಿಡಿಸಿದರು ಎಂಬುದರಿಂದ ಬರುವುದೇ ಹೆಚ್ಚು.

ಬಿಡಿಸಲೇಬೇಕಾ? ಕೆಫೀನ್ ಅತಿನೇರಳೆ ಬೆಳಕನ್ನು ಹೀರುತ್ತದೆ, ಅದರಲ್ಲೂ 273 ನ್ಯಾನೋಮೀಟರ್ ಹತ್ತಿರ ಚೆನ್ನಾಗಿ ಹೀರುತ್ತದೆ. ಡಿಕಾಕ್ಷನ್ನಿಗೆ ನೀರು ಬೆರೆಸಿ ತೆಳು ಮಾಡಿ, ಅದರ ಮೂಲಕ ಆ ಬೆಳಕು ಹಾಯಿಸಿ, ಎಷ್ಟು ಬೆಳಕು ಮಾಯವಾಯಿತು ಅಂತ ನೋಡಿದರೆ ಸಾಕಲ್ವಾ? ಸಾಲದು. ಅಲ್ಲೇ ಪಕ್ಕದಲ್ಲಿ ಕ್ಲೋರೋಜೆನಿಕ್ ಆಮ್ಲಗಳು ಕೂತಿವೆ. ಅವು ಹೆಚ್ಚು ಹೀರುವುದು 325ರ ಸುತ್ತಮುತ್ತ ಆದರೂ 273ರಲ್ಲಿ ಸುಮ್ಮನಿರುವುದಿಲ್ಲ. ಹಸಿ ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ 1.2 ಇದ್ದರೆ ಈ ಆಮ್ಲಗಳು ಎಲ್ಲ ಸೇರಿ ಶೇ 6ರ ಆಸುಪಾಸು. ಅಂದರೆ ಅವು ನುಂಗಿದ ಬೆಳಕನ್ನೂ ಕೆಫೀನ್ ಲೆಕ್ಕಕ್ಕೇ ಬರೆದುಬಿಡುತ್ತೀರಿ. ಹುರಿದ ಬೀಜದಲ್ಲಾದರೆ ಕಂದು ಬಣ್ಣ ಕೊಡುವ ಮೆಲನಾಯ್ಡಿನ್‌ಗಳೂ ಇದಕ್ಕೆ ಸೇರಿಕೊಳ್ಳುತ್ತವೆ. ಸಾಲ್ವೆಂಟ್, ಅಂದರೆ ಕರಗಿಸಿ ಎಳೆಯುವ ದ್ರವ ಹಾಕಿ ಕೆಫೀನನ್ನು ಮೊದಲೇ ಬೇರೆ ತೆಗೆದರೆ ತಪ್ಪು ಕಡಿಮೆಯಾಗುತ್ತದೆ, ಆದರೆ ಅದೂ ಬಿಡಿಸುವ ಕೆಲಸವೇ, ಸ್ವಲ್ಪ ಒರಟು ಅಷ್ಟೆ.

ಕಾಫಿಯಿಂದ ಕೆಫೀನನ್ನು ಮೊದಲು ಶುದ್ಧವಾಗಿ ತೆಗೆದವನು ಜರ್ಮನಿಯ ಫ್ರೀಡ್‌ಲೀಬ್ ರುಂಗೆ, 1819ರಲ್ಲಿ. ಅವನ ಕೈಗೆ ಬೀಜ ಕೊಟ್ಟು ಇದರಲ್ಲಿ ಏನಿದೆ ನೋಡು ಅಂದವನು ಕವಿ ಗಯಟೆ. ಆದರೆ ಒಂದು ವಸ್ತುವನ್ನು ಹೊರತೆಗೆಯುವುದು ಬೇರೆ, ಬೆರೆತಿರುವ ಹತ್ತಾರನ್ನು ಒಂದೇ ಓಟದಲ್ಲಿ ಬಿಡಿಸುವುದು ಬೇರೆ. ಎರಡನೆಯದಕ್ಕೆ ದಾರಿ ತೋರಿಸಿದವನು ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್. 1900ರ ನಂತರದ ವರ್ಷಗಳಲ್ಲಿ ಅವನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಗೆ ಎಲೆಯ ರಸ ಸುರಿದ. ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆಯಾಗಿ ಇಳಿದವು. ಇವತ್ತಿನ ಎಚ್‌ಪಿಎಲ್‌ಸಿ, ಅಂದರೆ ಒತ್ತಡದಲ್ಲಿ ದ್ರವ ಹರಿಸಿ ಬಿಡಿಸುವ ಯಂತ್ರದ ಮೂಲ ಅದೇ. ಗಾಜಿನ ಬದಲು ಉಕ್ಕಿನ ಕೊಳವೆ, ಸೀಮೆಸುಣ್ಣದ ಬದಲು ಕೆಲವೇ ಮೈಕ್ರಾನ್ ದಪ್ಪದ ಸಿಲಿಕಾ ಕಣ, ಮೇಲಿಂದ ಸುರಿಯುವ ಬದಲು ಪಂಪು.

ಆ ಉಕ್ಕಿನ ಕೊಳವೆಗೆ ಕಾಲಮ್ ಅನ್ನುತ್ತಾರೆ. ಕಾಫಿಗೆ ಹೆಚ್ಚಾಗಿ ಬಳಸುವುದು ಸಿ18 ಕಾಲಮ್. ಇದರ ಸಿಲಿಕಾ ಕಣಗಳಿಗೆ 18 ಕಾರ್ಬನ್ ಉದ್ದದ, ಎಣ್ಣೆಯಂಥ ಗುಣದ ಸರಪಳಿ ಅಂಟಿಸಿರುತ್ತಾರೆ. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಅದರ ಮೂಲಕ ಒಂದೇ ಸಮನೆ ಹರಿಯುತ್ತಿರುತ್ತದೆ. ಸಂತೆಯೊಳಗೆ ಒಟ್ಟಿಗೆ ಹೊಕ್ಕ ಜನರಲ್ಲಿ ಪ್ರತಿ ಅಂಗಡಿಯ ಮುಂದೂ ನಿಲ್ಲುವವರು ತಡವಾಗಿ ಹೊರಬರುತ್ತಾರೆ, ನೇರ ನಡೆಯುವವರು ಬೇಗ ಬರುತ್ತಾರೆ. ಇಲ್ಲೂ ಅಷ್ಟೆ. ನೀರನ್ನು ಇಷ್ಟಪಡುವ ಅಣು ಬೇಗ ಹೊರಗೆ, ಎಣ್ಣೆಯ ಗುಣ ಇಷ್ಟಪಡುವ ಅಣು ನಿಧಾನ. ಹೊರಬರುವ ಜಾಗದಲ್ಲಿ ಎಷ್ಟು ಅತಿನೇರಳೆ ಬೆಳಕು ಮಾಯವಾಯಿತು ಅಂತ ನೋಡುವ ಡಿಟೆಕ್ಟರ್ ಇರುತ್ತದೆ. ಒಂದೊಂದು ವಸ್ತು ಹಾದು ಹೋದಾಗಲೂ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಲ್ಯಾಬ್‌ನವರ ಬಾಯಲ್ಲಿ ಅದು ಪೀಕ್. ಯಾವ ನಿಮಿಷಕ್ಕೆ ಬಂತು ಎಂಬುದು ಅದು ಯಾರು ಅಂತ ಹೇಳುತ್ತದೆ, ಪೀಕ್‌ನ ವಿಸ್ತೀರ್ಣ ಆ ವಸ್ತು ಎಷ್ಟಿದೆ ಅಂತ ಹೇಳುತ್ತದೆ.

ಒಂದು ಕೆಫೀನ್ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಒಂದು ಗ್ರಾಂ ಪುಡಿ ತೂಗಿ, ಬಿಸಿನೀರಿಗೆ ಸ್ವಲ್ಪ ಮೆಗ್ನೀಷಿಯಂ ಆಕ್ಸೈಡ್ ಜೊತೆ ಹಾಕಿ 90 ಡಿಗ್ರಿಯ ಸುಮಾರಿಗೆ ಕಾಯಿಸುತ್ತಾರೆ. ಆಮ್ಲಗಳಂಥ ಅಡ್ಡ ಬರುವ ಸರಕುಗಳನ್ನು ಈ ಆಕ್ಸೈಡ್ ತಕ್ಕಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ತಣಿಸಿ, 250 ಮಿಲಿಲೀಟರ್‌ಗೆ ನೀರು ತುಂಬಿ, ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದರಿಂದ ಬರೀ 10 ಮೈಕ್ರೋಲೀಟರ್ ಅನ್ನು ಕಾಲಮ್‌ಗೆ ಬಿಡುತ್ತಾರೆ. ಒಂದು ಹನಿಗಿಂತಲೂ ಎಷ್ಟೋ ಕಡಿಮೆ. ಇದಕ್ಕೆ ಮೊದಲೇ ಶುದ್ಧ ಕೆಫೀನಿನ ನಾಲ್ಕೈದು ದ್ರಾವಣ ಓಡಿಸಿ, ಇಷ್ಟು ಕೆಫೀನ್‌ಗೆ ಇಷ್ಟು ವಿಸ್ತೀರ್ಣ ಎಂಬ ಗೆರೆ ಎಳೆದುಕೊಂಡಿರುತ್ತಾರೆ. ಆ ಗೆರೆಯ ಮೇಲೆ ನಮ್ಮ ಕಾಫಿಯ ಪೀಕ್ ಲೀಟರಿಗೆ 48 ಮಿಲಿಗ್ರಾಂ ಅಂತ ತೋರಿಸಿತು ಅಂದುಕೊಳ್ಳಿ. 250 ಮಿಲಿಲೀಟರ್‌ನಲ್ಲಿ 12 ಮಿಲಿಗ್ರಾಂ ಆಯಿತು. ಅದು ಬಂದದ್ದು ಒಂದು ಗ್ರಾಂ ಪುಡಿಯಿಂದ, ಹಾಗಾಗಿ ಶೇ 1.2.

ಆದರೆ ಪುಡಿಯಲ್ಲಿ ಶೇ 5ರಷ್ಟು ತೇವ ಇದ್ದರೆ? ತೇವ ಕಳೆದು ಒಣ ತೂಕಕ್ಕೆ ಲೆಕ್ಕ ಹಾಕಿದರೆ ಅದೇ ಕಾಫಿ ಶೇ 1.26 ಆಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಅಂಕಿ ಎರಡು. ಎರಡು ಲ್ಯಾಬ್‌ಗಳ ರಿಪೋರ್ಟ್ ಪಕ್ಕಪಕ್ಕ ಇಟ್ಟು ಯಾರದ್ದೋ ತಪ್ಪು ಅಂತ ಕೂಗಾಡುವ ಮೊದಲು ಈ ಒಂದು ಸಾಲನ್ನು ಹುಡುಕಿ ನೋಡಿ.

ಕೆಫೀನ್ ಇಷ್ಟು ವಿಶ್ವಾಸಕ್ಕೆ ಯೋಗ್ಯ ಆಗಿರುವುದಕ್ಕೆ ಕಾರಣಗಳಿವೆ. ಅದು ಗಟ್ಟಿಮುಟ್ಟಾದ ಅಣು, ಹುರಿದರೂ ಬಹುಪಾಲು ಉಳಿಯುತ್ತದೆ. ನೀರಿಗೆ ಸುಲಭವಾಗಿ ಇಳಿಯುತ್ತದೆ. ಹೋಲಿಸಿ ನೋಡಲು ಬೇಕಾದ ಶುದ್ಧ ವಸ್ತು, ಅಂದರೆ ಸ್ಟ್ಯಾಂಡರ್ಡ್, ಸುಲಭವಾಗಿ ಸಿಗುತ್ತದೆ. ಅದಕ್ಕೆ ಅಣ್ಣತಮ್ಮಂದಿರು ಕಡಿಮೆ: ಕಾಫಿಯಲ್ಲಿ ಥಿಯೋಬ್ರೋಮಿನ್, ಥಿಯೋಫಿಲಿನ್ ಇದ್ದರೂ ಅತಿ ಸ್ವಲ್ಪ, ಮೇಲಾಗಿ ಅವು ಬೇರೆ ನಿಮಿಷಕ್ಕೆ ಬರುತ್ತವೆ. ಇದಕ್ಕೆಂದೇ ಐಎಸ್‌ಒ 20481 ಎಂಬ ಅಂತರರಾಷ್ಟ್ರೀಯ ವಿಧಾನವೂ ಇದೆ.

ಇಷ್ಟಾದರೂ ಡಿಕ್ಯಾಫ್ ವಿಷಯಕ್ಕೆ ಬಂದಾಗ ಸ್ವಲ್ಪ ಎಚ್ಚರ ಬೇಕು. ಯುರೋಪಿನಲ್ಲಿ ಹುರಿದ ಡಿಕ್ಯಾಫ್ ಕಾಫಿಯಲ್ಲಿ ಒಣ ತೂಕದ ಶೇ 0.1 ಮೀರಿ ಕೆಫೀನ್ ಇರಬಾರದು. ಮೇಲಿನ ಲೆಕ್ಕದಲ್ಲೇ ನೋಡಿದರೆ ಅದು ಲೀಟರಿಗೆ 4 ಮಿಲಿಗ್ರಾಂ. 48ರ ದೊಡ್ಡ ಗುಡ್ಡದ ಬುಡದಲ್ಲಿ ಬೇರೆ ಯಾವುದೋ ಸಣ್ಣ ವಸ್ತು ಅಡಗಿದ್ದರೆ ಯಾರಿಗೂ ತೊಂದರೆಯಿಲ್ಲ. ಅದೇ ಸಣ್ಣ ವಸ್ತು 4ರ ದಿಬ್ಬದ ಕೆಳಗೆ ಇದ್ದರೆ ಪಾಸು ಫೇಲು ಆಗಿಬಿಡುತ್ತದೆ. ಆದ್ದರಿಂದ ಮಿತಿಯ ಅಂಚಿನಲ್ಲಿರುವ ಸ್ಯಾಂಪಲ್‌ಗೆ ನಿಮಿಷ ಹೊಂದಿದರೆ ಸಾಲದು, ಆ ಪೀಕ್‌ನ ಬೆಳಕು ಹೀರುವ ಪೂರ್ತಿ ನಕ್ಷೆ ಕೆಫೀನಿನದ್ದೇ ಹೌದಾ ಅಂತಲೂ ನೋಡಬೇಕು. ಇದಕ್ಕೆ ಒಂದೇ ಬಾರಿಗೆ ಹಲವು ತರಂಗಗಳನ್ನು ನೋಡುವ ಡಯೋಡ್ ಅರೇ ಡಿಟೆಕ್ಟರ್ ಬೇಕು.

ಡಿಕ್ಯಾಫ್‌ನಲ್ಲಿ ಇನ್ನೊಂದು ಗಲಾಟೆ ಕೆಫೀನ್ ತೆಗೆಯಲು ಬಳಸುವ ಡೈಕ್ಲೋರೋಮೀಥೇನ್ ಬಗ್ಗೆ. ಅಮೆರಿಕದಲ್ಲಿ ಇದರ ಉಳಿಕೆಗೆ ಹತ್ತು ಲಕ್ಷಕ್ಕೆ 10 ಪಾಲು ಮಿತಿ, ಯುರೋಪಿನಲ್ಲಿ ಹುರಿದ ಕಾಫಿಗೆ ಕೆಜಿಗೆ 2 ಮಿಲಿಗ್ರಾಂ. ಈ ಬಳಕೆಯನ್ನೇ ನಿಲ್ಲಿಸಬೇಕು ಎಂಬ ಅರ್ಜಿ 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ಚರ್ಚೆಗೆ ಬಂತು. ಇದನ್ನು ಅಳೆಯಲು ಮೇಲಿನ ದ್ರವದ ಯಂತ್ರ ಸರಿಯಾದದ್ದಲ್ಲ. 40 ಡಿಗ್ರಿಗೇ ಕುದಿಯುವ ಸರಕು ಅದು. ಮುಚ್ಚಿದ ಸೀಸೆಯಲ್ಲಿ ಪುಡಿಯನ್ನು ಬಿಸಿ ಮಾಡಿ, ಮೇಲೆ ಸೇರಿದ ಗಾಳಿಯನ್ನು ಎಳೆದು ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಬಿಡಬೇಕು. ಅಂದರೆ ರಿಪೋರ್ಟ್‌ನಲ್ಲಿ ಕೆಫೀನ್ ಅಂಕಿ ಇದೆ ಅಂದಮಾತ್ರಕ್ಕೆ ಸಾಲ್ವೆಂಟ್ ಪರೀಕ್ಷೆಯೂ ಆಗಿದೆ ಅಂತ ಅಲ್ಲ. ಅದು ಬೇರೆಯೇ ಯಂತ್ರ, ಬೇರೆಯೇ ಓಟ.

ಈಗ ಅರೇಬಿಕಾ. ಅರೇಬಿಕಾ ಬಿಟ್ಟರೆ ಕಾಫಿಯ ಇನ್ನೊಂದು ಮುಖ್ಯ ಜಾತಿಯಾದ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ, ಹಾಗಾದರೆ ಕೆಫೀನ್ ನೋಡಿಯೇ ಬೆರಕೆ ಹಿಡಿಯಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಅನುಮಾನ ಪಡಬಹುದು, ಸಾಬೀತು ಮಾಡಲಾಗದು. ತಳಿ, ಮಣ್ಣು, ಹವೆ ಎಲ್ಲ ಸೇರಿ ಅರೇಬಿಕಾದಲ್ಲೇ ಅಂಕಿ ಮೇಲೆ ಕೆಳಗೆ ಆಗುತ್ತದೆ. ಸ್ವಲ್ಪ ರೊಬಸ್ಟಾ ಬೆರೆಸಿದರೆ ಆ ಏರಿಳಿತದೊಳಗೇ ಮುಚ್ಚಿಹೋಗುತ್ತದೆ. ಹಾಗಾಗಿ ಲ್ಯಾಬ್‌ನವರು ಬೀಜದ ಎಣ್ಣೆಯೊಳಗೆ ಕೈ ಹಾಕಿದರು. ಅಲ್ಲಿ 16-ಒ-ಮೀಥೈಲ್‌ಕೆಫೆಸ್ಟಾಲ್ ಎಂಬ ವಸ್ತು ಇದೆ. ಹೆಸರು ಉದ್ದ, ಇನ್ನು ಮುಂದೆ ಒಎಂಸಿ ಅನ್ನೋಣ. ರೊಬಸ್ಟಾದಲ್ಲಿ ಚೆನ್ನಾಗಿ ಸಿಗುತ್ತದೆ, ಅರೇಬಿಕಾದಲ್ಲಿ ಇಲ್ಲವೇ ಇಲ್ಲ ಅಂತ ದೀರ್ಘಕಾಲ ನಂಬಿದ್ದರು. ಹುರಿದರೂ ಹಾಳಾಗುವುದಿಲ್ಲ. ಬೆರಕೆ ಪತ್ತೆಗೆ ಇದಕ್ಕಿಂತ ಇನ್ನೇನು ಬೇಕು?

ಕೆಲಸ ಮಾತ್ರ ಸುಲಭದ್ದಲ್ಲ. ಒಎಂಸಿ ಬೀಜದಲ್ಲಿ ಬಿಡಿಯಾಗಿ ಇರುವುದು ಕಡಿಮೆ, ಕೊಬ್ಬಿನಾಮ್ಲಕ್ಕೆ ಅಂಟಿಕೊಂಡೇ ಇರುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕುದಿಸಿ ಆ ಬಂಧ ಒಡೆಯಬೇಕು. ಆಮೇಲೆ ಈಥರ್‌ನಲ್ಲಿ ಎಳೆದು, ತೊಳೆದು, ಒಣಗಿಸಿ, ಮತ್ತೆ ಕರಗಿಸಿ ಕಾಲಮ್‌ಗೆ ಬಿಡಬೇಕು. ಅದರ ಮೇಲೆ ಈ ಅಣುವಿಗೆ ಬೆಳಕು ಹೀರುವ ಶಕ್ತಿಯೂ ಕಡಿಮೆ, 220 ನ್ಯಾನೋಮೀಟರ್ ಹತ್ತಿರ ನೋಡಬೇಕು. ಆ ಜಾಗದಲ್ಲಿ ಸಿಕ್ಕಸಿಕ್ಕ ವಸ್ತುಗಳೆಲ್ಲ ಬೆಳಕು ಹೀರುತ್ತವೆ. ತಯಾರಿಯಲ್ಲಿ ಒಂದು ಹಂತ ಸಡಿಲ ಆದರೂ ಅಂಕಿ ಕೆಳಗೆ ಬೀಳುತ್ತದೆ, ಅದರ ಲಾಭ ಬೆರಕೆ ಮಾಡಿದವನಿಗೆ.

ಇದಕ್ಕಿಂತ ದೊಡ್ಡ ತಿರುವು 2018ರಲ್ಲಿ ಬಂತು. ಹೆಚ್ಚು ಸೂಕ್ಷ್ಮವಾಗಿ ಹುಡುಕಿದಾಗ ಅಪ್ಪಟ ಅರೇಬಿಕಾದಲ್ಲೂ ಒಎಂಸಿ ಅತಿ ಸಣ್ಣ ಪ್ರಮಾಣದಲ್ಲಿ ಇದೆ ಅಂತ ಗೊತ್ತಾಯಿತು. ಯಂತ್ರ ಚುರುಕಾದಷ್ಟೂ ‘ಇಲ್ಲ’ ಎನ್ನುತ್ತಿದ್ದದ್ದು ‘ಸ್ವಲ್ಪ ಇದೆ’ ಆಯಿತು. ಈಗ ಒಎಂಸಿ ಕಂಡಿತು ಅಂದಕೂಡಲೇ ಬೆರಕೆ ಅಂತ ಬೊಬ್ಬೆ ಹೊಡೆಯುವಂತಿಲ್ಲ. ಎಷ್ಟು ಕಂಡಿತು, ಅಪ್ಪಟ ಅರೇಬಿಕಾದ ಮಾಮೂಲಿ ಮಟ್ಟಕ್ಕಿಂತ ಎಷ್ಟು ಮೇಲಿದೆ ಅಂತ ಕೇಳಬೇಕು. ಜೊತೆಗೆ ರೊಬಸ್ಟಾಗಳಲ್ಲೇ ಇದರ ಪ್ರಮಾಣ ಸಾಕಷ್ಟು ಬದಲಾಗುತ್ತದೆ, ಆದ್ದರಿಂದ ‘ಶೇ 7ರಷ್ಟು ರೊಬಸ್ಟಾ ಬೆರೆತಿದೆ’ ಅಂತ ಖಚಿತವಾಗಿ ಬರೆದುಕೊಟ್ಟ ರಿಪೋರ್ಟ್ ನೋಡಿದರೆ ನನಗೆ ಅದರ ಮೇಲೇ ಅನುಮಾನ. ‘ಬೆರಕೆ ಇದೆ, ಸುಮಾರು ಇಷ್ಟರಿಂದ ಇಷ್ಟು’ ಅನ್ನುವುದು ಪ್ರಾಮಾಣಿಕ ಉತ್ತರ.

ಇನ್ನು ಆಂಟಿಆಕ್ಸಿಡೆಂಟ್. ಇಲ್ಲಿ ಸಿಕ್ಕು ಜಾಸ್ತಿ. ಕಾಫಿಯಲ್ಲಿ ಈ ಹೆಸರು ಹೆಚ್ಚಾಗಿ ಸಲ್ಲುವುದು ಕ್ಲೋರೋಜೆನಿಕ್ ಆಮ್ಲಕ್ಕೆ, ಆದರೆ ಅದು ಒಂದು ವಸ್ತುವಲ್ಲ, ಒಂದು ಕುಟುಂಬ. ಕೆಫೀಯಿಕ್ ಆಮ್ಲ ಕ್ವಿನಿಕ್ ಆಮ್ಲದ ಮೂರು ಬೇರೆ ಬೇರೆ ಜಾಗದಲ್ಲಿ ಕೂತರೆ ಮೂರು ಮುಖ್ಯ ಸದಸ್ಯರು: 3, 4 ಮತ್ತು 5 ಸಂಖ್ಯೆಯ ಕೆಫಿಯಾಯ್ಲ್‌ಕ್ವಿನಿಕ್ ಆಮ್ಲಗಳು. ಎರಡು ಕೆಫೀಯಿಕ್ ಆಮ್ಲ ಕೂತರೆ ಇನ್ನೊಂದು ಗುಂಪು, ಫೆರುಲಿಕ್ ಆಮ್ಲ ಕೂತರೆ ಮತ್ತೊಂದು. ಮೊದಲ ಮೂವರ ತೂಕ ಒಂದೇ, 354. ಅಣುಗಳ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಬಿಡಿಸುವ ತಲೆನೋವೇ ಇಲ್ಲ ಅಂದುಕೊಳ್ಳುವವರಿಗೆ ಇದೇ ಉತ್ತರ. ಒಂದೇ ತೂಕದವರನ್ನು ಬರೀ ತೂಕ ನೋಡಿ ಬೇರೆ ಮಾಡಲು ಆಗುವುದಿಲ್ಲ, ಮೊದಲು ಕಾಲಮ್ ಬಿಡಿಸಿಕೊಡಲೇಬೇಕು.

ಕಾಲಮ್‌ನಲ್ಲೂ ಇವು ಸತಾಯಿಸುತ್ತವೆ. ಬರೀ ನೀರು ಮೆಥನಾಲ್ ಹರಿಸಿದರೆ ಆಮ್ಲದ ಅಣುಗಳಲ್ಲಿ ಒಂದಷ್ಟು ವಿದ್ಯುದಾವೇಶ ಪಡೆದು ನೀರಿನ ಜೊತೆಗೇ ಓಡುತ್ತವೆ, ಒಂದಷ್ಟು ಹಾಗೇ ಉಳಿದು ನಿಧಾನಿಸುತ್ತವೆ. ಪರದೆಯ ಮೇಲೆ ಚೂಪಾದ ಪೀಕ್ ಬದಲು ಬಾಲ ಎಳೆದುಕೊಂಡ ಹರಕು ದಿಬ್ಬ. ಅದೇ ದ್ರವಕ್ಕೆ ಸ್ವಲ್ಪ ಫಾರ್ಮಿಕ್ ಇಲ್ಲವೇ ಫಾಸ್ಫಾರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2.5ರ ಹತ್ತಿರಕ್ಕೆ ತಂದರೆ ಆವೇಶ ಕಳೆದುಹೋಗಿ, ಅದೇ ಸ್ಯಾಂಪಲ್, ಅದೇ ಕಾಲಮ್‌ನಲ್ಲಿ ಮೂರೂ ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತವೆ. 325ರಲ್ಲಿ ನೋಡಿದರೆ ಕೆಫೀನ್ ಕಾಣುವುದೂ ಇಲ್ಲ, ಅದು ಅಲ್ಲಿ ಬೆಳಕು ಹೀರುವುದಿಲ್ಲ. ಈ ಕೆಲಸದಲ್ಲಿ ಇರುವ ಒಂದು ಖುಷಿ ಇದು.

ಇಷ್ಟೆಲ್ಲ ಬಿಡಿಸಿದ ಮೇಲೆ ರಿಪೋರ್ಟ್‌ನಲ್ಲಿ ಯಾವುದನ್ನು ಬರೆಯುತ್ತಾರೆ? ಕೆಲವರು 5ನೆಯದನ್ನು ಮಾತ್ರ ಅಳೆದು ಅದನ್ನೇ ‘ಕ್ಲೋರೋಜೆನಿಕ್ ಆಮ್ಲ’ ಅನ್ನುತ್ತಾರೆ. ಕೆಲವರು ಎಲ್ಲವನ್ನೂ ಕೂಡಿಸುತ್ತಾರೆ, ಆದರೆ ಉಳಿದವುಗಳ ಶುದ್ಧ ಸ್ಟ್ಯಾಂಡರ್ಡ್ ದುಬಾರಿ, ಆದ್ದರಿಂದ 5ನೆಯದರ ಗೆರೆಯನ್ನೇ ಎಲ್ಲಕ್ಕೂ ಬಳಸಿಬಿಡುತ್ತಾರೆ. ಹಳೆಯ ಪ್ರಬಂಧಗಳಲ್ಲಂತೂ 3 ಮತ್ತು 5ರ ಸಂಖ್ಯೆಗಳೇ ಅದಲುಬದಲು, ಯಾಕೆಂದರೆ ಎಣಿಸುವ ಕ್ರಮ 1976ರಲ್ಲಿ ಬದಲಾಯಿತು. ಇನ್ನೊಂದು ಮಜಾ ಇದೆ. ಹುರಿಯುವಾಗ ಈ ಆಮ್ಲಗಳು ಒಡೆಯುವುದರ ಜೊತೆಗೆ 5ನೆಯದು ಭಾಗಶಃ 3 ಮತ್ತು 4ಕ್ಕೆ ತಿರುಗುತ್ತದೆ. 5ನ್ನು ಮಾತ್ರ ನೋಡುತ್ತಾ ಕೂತವರಿಗೆ ನಷ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ನಷ್ಟ ಆಗುವುದಂತೂ ನಿಜ. ಕಪ್ಪಗೆ ಹುರಿದ ಬೀಜದಲ್ಲಿ ಮೂಲ ಕ್ಲೋರೋಜೆನಿಕ್ ಆಮ್ಲಗಳ ಬಹುಪಾಲು ಉಳಿದಿರುವುದಿಲ್ಲ. ಆದರೂ ಕಪ್ಪು ಹುರಿತದ ಪ್ಯಾಕೆಟ್ ಮೇಲೆ ಆಂಟಿಆಕ್ಸಿಡೆಂಟ್ ಅಂಕಿ ಜೋರಾಗಿ ಇರಬಹುದು. ಅದು ಹೇಗೆ? ಬಿಡಿಸದೆ ಅಳೆದರೆ ಹಾಗಾಗುತ್ತದೆ. ಫೋಲಿನ್ ಪರೀಕ್ಷೆ ಎಂಬುದೊಂದಿದೆ, ಸ್ಯಾಂಪಲ್‌ಗೆ ಒಂದು ದ್ರಾವಣ ಹಾಕಿದರೆ ನೀಲಿ ಬಣ್ಣ ಬರುತ್ತದೆ, ನೀಲಿ ಹೆಚ್ಚಾದಷ್ಟೂ ಫಿನಾಲ್, ಅಂದರೆ ಕ್ಲೋರೋಜೆನಿಕ್ ಆಮ್ಲದಂಥ ವಸ್ತುಗಳು, ಹೆಚ್ಚು ಅಂತ ಬರೆಯುತ್ತಾರೆ. ಆದರೆ ಆ ದ್ರಾವಣ ಫಿನಾಲ್‌ಗೆ ಮಾತ್ರ ನೀಲಿಯಾಗುವುದಿಲ್ಲ, ಹುರಿದಾಗ ಹುಟ್ಟುವ ಮೆಲನಾಯ್ಡಿನ್‌ಗೂ ಕೆಲವು ಸಕ್ಕರೆಗಳಿಗೂ ಆಗುತ್ತದೆ. ಬೇಗ ಮುಗಿಯುವ, ಖರ್ಚು ಕಡಿಮೆಯ ಪರೀಕ್ಷೆ, ಸ್ಯಾಂಪಲ್‌ಗಳನ್ನು ಒರಟಾಗಿ ಹೋಲಿಸಲು ಪರವಾಗಿಲ್ಲ. ಗಿಡದಿಂದ ಬಂದ ಇಂಥ ವಸ್ತು ಇಷ್ಟಿದೆ ಅಂತ ಹೇಳಲು ಅದು ಸಾಲದು. ಮಾರುವವರು ಮಾತ್ರ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ.

ಟ್ರೈಗೊನೆಲಿನ್ ಬಗ್ಗೆ ಎರಡು ಮಾತು. ಹಸಿ ಬೀಜದಲ್ಲಿ ಸುಮಾರು ಶೇ 1 ಇರುವ ಇದು ಹುರಿಯುವಾಗ ಒಡೆದು ಒಂದು ಪಾಲು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್ ವಿಟಮಿನ್ ಆಗುತ್ತದೆ. ಹಾಗಾಗಿ ಎಷ್ಟು ಹುರಿದಿದ್ದಾರೆ ಎಂಬುದಕ್ಕೆ ಒಳ್ಳೆಯ ಗುರುತು. ಆದರೆ ಸಿ18 ಕಾಲಮ್‌ಗೆ ಇದರ ಮೇಲೆ ಹಿಡಿತವೇ ಇಲ್ಲ, ನೀರಿನ ಜೊತೆ ಮೊದಲೇ ಹೊರಗೆ ಓಡಿಬರುತ್ತದೆ. ಹಿಡಿತ ಸಿಗದ ಇತರ ಸರಕುಗಳೂ ಅಲ್ಲೇ ಬಂದು ಬೀಳುತ್ತವೆ. ಆ ಗುಂಪಿನೊಳಗಿನ ಪೀಕ್‌ನಿಂದ ತೆಗೆದ ಟ್ರೈಗೊನೆಲಿನ್ ಅಂಕಿಯನ್ನು ಪಕ್ಕಕ್ಕಿಡುವುದು ಒಳ್ಳೆಯದು. ನೀರು ಇಷ್ಟಪಡುವ ಅಣುಗಳಿಗೆಂದೇ ಬೇರೆ ಬಗೆಯ ಕಾಲಮ್‌ಗಳಿವೆ.

ಕ್ಯಾನ್ಸರ್ ತರಬಹುದು ಎಂಬ ಶಂಕೆ ಇರುವ ಅಕ್ರಿಲಮೈಡ್ ವಿಷಯದಲ್ಲಿ ಅತಿನೇರಳೆ ಬೆಳಕಿನ (ಯುವಿ) ಡಿಟೆಕ್ಟರ್ ಕೈಚೆಲ್ಲುತ್ತದೆ. ಇದು ಗಿಡದಿಂದ ನೇರ ಬಂದದ್ದಲ್ಲ, ಬೀಜದ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಸಕ್ಕರೆಯ ಜೊತೆ ಬಿಸಿಯಲ್ಲಿ ಸೇರಿ ಹುಟ್ಟುತ್ತದೆ. ಆಹಾರದಲ್ಲಿ ಇದು ಇದೆ ಅಂತ ಸ್ವೀಡನ್ನಿನವರು 2002ರಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಬೆಚ್ಚಿಬಿತ್ತು. 2017ರ ಯುರೋಪಿನ ನಿಯಮ ಹುರಿದ ಕಾಫಿಗೆ ಕೆಜಿಗೆ 400 ಮೈಕ್ರೋಗ್ರಾಂ, ಇನ್‌ಸ್ಟಂಟ್ ಕಾಫಿಗೆ 850 ಎಂಬ ಮಟ್ಟ ಗೊತ್ತುಮಾಡಿದೆ. ಕೆಫೀನ್ ಇರುವುದು ಗ್ರಾಂಗಳ ಲೆಕ್ಕದಲ್ಲಿ, ಇದು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಆದ್ದರಿಂದ ಕಾಲಮ್‌ನ ತುದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿ, ಭಾರದ ಕಾರ್ಬನ್ ಇಲ್ಲವೇ ಭಾರದ ಹೈಡ್ರೋಜನ್ ಸೇರಿಸಿ ಮಾಡಿದ ಅಕ್ರಿಲಮೈಡನ್ನು ತೂಗಿ ಮೊದಲೇ ಸ್ಯಾಂಪಲ್‌ಗೆ ಬೆರೆಸುತ್ತಾರೆ. ತಯಾರಿಯಲ್ಲಿ ಎಷ್ಟು ಕಳೆದುಹೋಯಿತು ಅಂತ ಅದೇ ಲೆಕ್ಕ ಕೊಡುತ್ತದೆ. ಕಪ್ಪಗೆ ಹುರಿದರೆ ಇದು ಹೆಚ್ಚು ಅಂತ ಜನ ಭಾವಿಸುತ್ತಾರೆ. ಉಲ್ಟಾ. ಹುರಿಯುವ ಮೊದಲ ನಿಮಿಷಗಳಲ್ಲಿ ಏರಿ ಆಮೇಲೆ ಇಳಿಯುತ್ತದೆ, ಹಾಗಾಗಿ ತಿಳಿ ಹುರಿತದಲ್ಲೇ ಸಾಮಾನ್ಯವಾಗಿ ಜಾಸ್ತಿ.

ಇನ್ನು ‘ಪತ್ತೆಯಾಗಿಲ್ಲ’ ಎಂಬ ಪದ. ರಿಪೋರ್ಟ್‌ನಲ್ಲಿ ಇದನ್ನು ಕಂಡರೆ ಎಲ್ಲರಿಗೂ ನೆಮ್ಮದಿ. ಆದರೆ ಪಕ್ಕದಲ್ಲಿ ಪತ್ತೆಯ ಮಿತಿ ಬರೆದಿಲ್ಲದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೆಜಿಗೆ 500 ಮೈಕ್ರೋಗ್ರಾಂಗಿಂತ ಕೆಳಗಿನದನ್ನು ನೋಡಲಾಗದ ವಿಧಾನ ಬಳಸಿದರೆ, 400ರ ಮಟ್ಟವನ್ನು ಮೀರಿ 450 ಇರುವ ಕಾಫಿಗೂ ‘ಪತ್ತೆಯಾಗಿಲ್ಲ’ ಅಂತಲೇ ಬರುತ್ತದೆ. ರಿಪೋರ್ಟ್ ಕೈಗೆ ಬಂದರೆ ನಾನು ಮೊದಲು ನೋಡುವುದು ದೊಡ್ಡ ಅಂಕಿಗಳನ್ನಲ್ಲ, ಈ ಸಣ್ಣ ಸಾಲನ್ನು. ಆಮೇಲೆ ಯಾವ ವಿಧಾನ, ಯಾವ ಸ್ಟ್ಯಾಂಡರ್ಡ್, ಒಣ ತೂಕವೋ ಇದ್ದ ಹಾಗೆಯೋ ಅಂತ. ಸಾಧ್ಯವಾದರೆ ಕ್ರೊಮ್ಯಾಟೊಗ್ರಾಮ್‌ನ ಚಿತ್ರವನ್ನೇ ಕೇಳಿ ತರಿಸಿಕೊಳ್ಳಿ. ಪೀಕ್‌ಗಳು ಬಿಡಿಬಿಡಿಯಾಗಿ ನಿಂತಿವೆಯೋ ಒಂದರ ಮೇಲೊಂದು ಬಿದ್ದಿವೆಯೋ ಎಂಬುದನ್ನು ನೋಡಲು ರಸಾಯನಶಾಸ್ತ್ರ ಓದಿರಬೇಕು ಅಂತೇನಿಲ್ಲ.